ಕೊಡ ಉರುಳಿಸಿದವರು

ಹೋದ ತಿಂಗಳು ಹಾನಗಲ್ಲಿನ ಗೊಬ್ಬರದ ಅಂಗಡಿಯ ಮುಂದೆ ಭತ್ತದ ಬೀಜಕ್ಕೆಂದು ನಿಂತಿದ್ದೆ. ಒಳಗಿನಿಂದ ಪೆಟ್ಟಿಗೆ ಹೊತ್ತು ತರುತ್ತಿದ್ದವನ ಕೈ ಜಾರಿ ಒಂದು ಬಾಟಲಿ ಹೊಸ್ತಿಲಿಗೆ ಬಡಿದು ಒಡೆಯಿತು. ಅಂಗಡಿಯವನು ಬೈಯುತ್ತಲೇ ಬೊಗಸೆಯಲ್ಲಿ ಮಣ್ಣು ತಂದು ಅದರ ಮೇಲೆ ಸುರಿದ. ಅಷ್ಟರಲ್ಲಿ ವಾಸನೆ ಎದ್ದಿತ್ತು. ಹತ್ತಿಯ ಹುಳಕ್ಕೆ ಹೊಡೆಯುವ ವಿಷದೆಣ್ಣೆಯ ವಾಸನೆ, ಮೂಗಿನಿಂದ ಹತ್ತಿ ಹುಬ್ಬಿನ ಹಿಂದೆ ಕೂತುಬಿಡುವಂಥದ್ದು. ಸರದಿಯಲ್ಲಿದ್ದವರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ನಿಲ್ಲಲಾಗಲಿಲ್ಲ. ಬೀಜ ಬಿಟ್ಟು ಹೊರಗೆ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತೆ.

ಆ ವಾಸನೆ ಬಂದಾಗಲೆಲ್ಲ ನನಗೆ ಕಾಡಿನ ಗಾರ್ಡ್ ಸಾಹೇಬರು ಕಾಣುತ್ತಾರೆ. ಖಾಕಿ ಅಂಗಿ, ಹಣೆಯಿಂದ ಹುಬ್ಬಿಗೆ ಇಳಿದ ರಕ್ತ, ಮೊಣಕಾಲಮಟ ಮರಳು...

ಹದಿನಾಲ್ಕು-ಹದಿನೈದು ವರ್ಷದ ಹಿಂದಿನ, ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಸವಣೂರು ತಾಲೂಕಿನ ಹತ್ತಿಮತ್ತೂರು. ಮನೆಯಲ್ಲಿ ಹೊಲವಿರಲಿಲ್ಲ. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ ಮೇಲೆ ಊರಿನ ಕೆಲವರು ನಮ್ಮನ್ನು ಕೂಲಿಗೆ ಕರೆಯುವುದನ್ನೂ ಬಿಟ್ಟಿದ್ದರು. ನಾನು ಹತ್ತನೆಯ ತರಗತಿ ಮುಗಿಸಿ, ಹೈಬ್ರಿಡ್ ಹತ್ತಿ ಬೆಳೆಯುವವರ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುತ್ತಿದ್ದೆ. ಮದುವೆಯೂ ಆಗಿತ್ತು. ಆ ವರ್ಷ ಶಿವರಾತ್ರಿಯ ಹೊತ್ತಿಗೆ, ಹಾನಗಲ್ಲಿನ ಕಡೆ ಅರಣ್ಯ ಇಲಾಖೆಯವರು ಬೇಸಿಗೆಯ ಕಾವಲಿಗೆ ಜನ ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂತು. ಮಳೆ ಹಿಡಿಯುವವರೆಗಷ್ಟೇ ಕೆಲಸ. ಕುರುಚಲು ಕಾಡು, ಅದರ ನಡುವೆ ಇಳಿದುಬರುವ ಹಳ್ಳ, ಎರಡನ್ನೂ ದಿನಾ ನಡೆದು ನೋಡಬೇಕು. ಎಲ್ಲಿ ಹೊಗೆ ಎದ್ದಿದೆ, ಯಾವ ಮಡುವಿನಲ್ಲಿ ನೀರು ಎಷ್ಟು ಇಳಿದಿದೆ, ಯಾವ ಪ್ರಾಣಿ ನೀರಿಗೆ ಬಂದು ಹೋಗಿದೆ, ಯಾರಾದರೂ ಗಿಡ ಕಡಿದಿದ್ದಾರೆಯೇ ಎಂದು ಆ ಭಾಗದ ಕಾಡು ನೋಡಿಕೊಳ್ಳುವ ಬೀಟಿನ ಗಾರ್ಡಿಗೆ ಹೇಳಬೇಕು. ಆ ಹಳ್ಳದ ಕೆಳಗಿನ, ನಮ್ಮ ಜನರ ಕೇರಿಯೇ ನನ್ನ ಹೆಂಡತಿಯ ತವರು. ಅವಳಿಗೆ ಆಗ ಆರು ತಿಂಗಳು. ನಾನು ಹೂಂ ಎನ್ನಲು ಅಷ್ಟು ಸಾಕಾಯಿತು. ಇಬ್ಬರೂ ಅತ್ತೆಯ ಮನೆಗೆ ಹೋದೆವು.

ಊರಿನ ಹೆಸರು ಬರೆಯುವುದಿಲ್ಲ. ಎರಡೂ ಕಡೆಯ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ.

ಗಾರ್ಡ್ ಸಾಹೇಬರು ಅದೇ ಊರಿನ ದೊಡ್ಡ ಒಕ್ಕಲು ಮನೆತನದವರು. ಹೊಲ ಅವರಿಗೂ ಅವರ ಅಣ್ಣನಿಗೂ ಕೂಡಿಯೇ ಇತ್ತು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷ, ಮಕ್ಕಳಿರಲಿಲ್ಲ. ಊಟ, ಮಲಗುವುದು ಎಲ್ಲ ಅಣ್ಣನ ಮನೆಯಲ್ಲೇ. ಮೊದಲ ದಿನ ಕಾಡಿನ ಅಂಚಿನ ಹುಣಸೆಮರದ ಕೆಳಗೆ ನನಗಾಗಿ ಕಾದಿದ್ದರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಯಾರ ಅಳಿಯ ಎಂದು ಕೇಳಿದರು. ಹೇಳಿದೆ. ಮತ್ತೆ ಏನೂ ಕೇಳಲಿಲ್ಲ. ಮುಂದೆ ನಡೆದರು. ನಾನು ಹಿಂದೆ ನಡೆದೆ.

ಹೋಗುವಾಗ ನೆಲ ನೋಡಬೇಕು, ಬರುವಾಗ ಗುಡ್ಡ ನೋಡಬೇಕು, ಇಷ್ಟೇ ಅವರು ಹೇಳಿಕೊಟ್ಟದ್ದು. ಬಿಸಿಲೇರುವ ಮೊದಲು ಹೊರಟು ಮೇಲಿನ ಮಡುವಿನವರೆಗೆ ಹೋಗಿ ತಿರುಗುತ್ತಿದ್ದೆವು. ಒದ್ದೆ ಮರಳಿನಲ್ಲಿ ಹಂದಿಯ ಗೊರಸು, ನವಿಲಿನ ಮೂರು ಬೆರಳು, ಕೆಲವೊಮ್ಮೆ ಅವರು ಬಗ್ಗಿ ನೋಡಿ ಸುಮ್ಮನಾಗುವಂಥ ದುಂಡನೆಯ ಚಿರತೆಯ ಹೆಜ್ಜೆ. ಅಂಥ ದಿನ ನಾನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದೆ. ಅವರ ಹೆಗಲಿಗೆ ಕ್ಯಾನ್ವಾಸಿನ ನೀರಿನ ಚೀಲ, ನನ್ನ ಹೆಗಲಿಗೆ ಸೋರೆ ಬುರುಡೆ. ನೆರಳಿಗೆ ಕೂತರೆ ಇಬ್ಬರ ನಡುವೆ ಒಂದು ಎತ್ತು ಮಲಗುವಷ್ಟು ಜಾಗ. ಅವರು ನನಗೆ ಒಮ್ಮೆಯೂ ಕೆಟ್ಟ ಮಾತು ಆಡಲಿಲ್ಲ. ಹೆಸರು ಹಿಡಿದು ಕರೆಯಲೂ ಇಲ್ಲ.

ಯುಗಾದಿ ಕಳೆದ ಮೇಲೆ ಹಳ್ಳ ಹರಿಯುವುದು ಹೆಸರಿಗಷ್ಟೇ ಉಳಿಯಿತು. ಕೆಳಗಿನ ದೊಡ್ಡ ಮಡುವಿನಿಂದ ಕಲ್ಲುಗಳ ಸಂದಿನಲ್ಲಿ ಸಣ್ಣದೊಂದು ಎಳೆ ಇಳಿದುಹೋಗಿ ಕೇರಿಯ ಹಿಂದಿನ ಮರಳಿಗೆ ಸೇರುತ್ತಿತ್ತು. ಅಲ್ಲಿ ಕೇರಿಯ ಹೆಂಗಸರು ಮರಳು ಬಗೆದು ವರತೆ ಮಾಡಿಕೊಂಡಿದ್ದರು. ಚಿಪ್ಪಿನಿಂದ ಎತ್ತಿ ಎತ್ತಿ ಕೊಡ ತುಂಬಿಸಬೇಕು. ಊರೊಳಗಿನ ಬಾವಿ ಕೇರಿಯವರಿಗೆ ಇರಲಿಲ್ಲ. ಅದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆ ಬೆಳಗ್ಗೆ ದೊಡ್ಡ ಮಡು ಇನ್ನೂ ಕಾಣದಿರುವಾಗಲೇ ನನ್ನ ಮೂಗಿಗೆ ಬಡಿಯಿತು. ಎಷ್ಟೋ ದಿನ ಬೆನ್ನ ಮೇಲೆ ಹೊತ್ತ ವಾಸನೆ ಅದು, ತಪ್ಪುವ ಹಾಗಿರಲಿಲ್ಲ. ಸಾಹೇಬ್ರ, ಎಣ್ಣಿ, ಎಂದೆ. ಅವರು ನಿಂತು ಮೂಗರಳಿಸಿದರು. ಮುಂದಿನ ಲಕ್ಕಿ ಪೊದೆ ದಾಟಿದಾಗ ಮಡು ಬೆಳ್ಳಗೆ ಕಂಡಿತು. ಹೊಟ್ಟೆ ಮೇಲಾದ ಮೀನು. ದಂಡೆಯ ಹತ್ತಿರದವು ಸತ್ತಿದ್ದವು, ನಡುವಿನವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಯಾರೋ ಮೀನು ಹಿಡಿಯಲೆಂದು ನೀರಿಗೆ ಎಂಡ್ರಿನ್, ಅದೇ ಹತ್ತಿಯ ಎಣ್ಣೆ, ಸುರಿದಿದ್ದರು. ನಮ್ಮ ಸಪ್ಪಳ ಕೇಳಿ ಓಡಿಹೋಗಿರಬೇಕು; ಅರ್ಧ ತುಂಬಿದ ಬುಟ್ಟಿ ದಂಡೆಯಲ್ಲೇ ಇತ್ತು.

ಗಾರ್ಡ್ ಸಾಹೇಬರು ಪೊದೆಯ ಬುಡದಿಂದ ಒಂದು ತಗಡಿನ ಡಬ್ಬಿ ಎತ್ತಿದರು. ಮುಚ್ಚಳವಿರಲಿಲ್ಲ, ಬಾಯಿಗೆ ಕಟ್ಟಿದ ಹಳದಿ ಸೀರೆಯ ಚೂರು ಸಡಿಲಾಗಿ ಜೋತಿತ್ತು. ಅದನ್ನು ತಿರುಗಿಸಿ ನೋಡಿದರು. ಡಬ್ಬಿಯನ್ನು ಇನ್ನೊಂದು ಹೆಗಲಿನ ಬಟ್ಟೆ ಚೀಲಕ್ಕೆ ಹಾಕಿಕೊಂಡರು.

ನನ್ನ ಕಣ್ಣು ಆಗಲೇ ಕಲ್ಲಿನ ಸಂದಿನ ಆ ಎಳೆ ನೀರಿನ ಮೇಲಿತ್ತು. ಕೇರಿಯಲ್ಲಿ ಅದು ಹೆಂಗಸರು ನೀರಿಗೆ ಬರುವ ಹೊತ್ತು. ಓಡಲು ತಿರುಗಿದೆ. ಅವರು ನನ್ನ ರಟ್ಟೆ ಹಿಡಿದರು. ಅದಕ್ಕೆ ಮೊದಲು ಅವರು ನನ್ನನ್ನು ಮುಟ್ಟಿದ್ದೇ ಇಲ್ಲ.

"ಬಂಡಿ ದಾರ್‍ಯಾಗ ಸೈಕಲ್ ಐತಿ. ನಿನಗ ಬರ್ತೈತೇನು?"

ಬರುವುದಿಲ್ಲ ಎಂದೆ.

"ಹಂಗಾರ ನಾ ಹೋಗತೇನಿ. ನೀ ಈ ಮಡುವಿನ ಬಾಯಿ ಕಟ್ಟು."

ನನ್ನ ಹೆಂಡತಿ ಅಲ್ಲಿದ್ದಾಳೆ, ಬಸುರಿ ಎಂದೆ. ಗೊತ್ತೈತಿ ಎಂದರು. "ಕಟ್ಟಲಿಲ್ಲಂದ್ರ ಅಲ್ಲಿ ಹೋಗಿ ನೀ ಏನ ಮಾಡತಿ? ನೀರು ಬರ್ತನಽ ಇರತೈತಿ." ಅಷ್ಟು ಹೇಳಿ, ಆ ವಯಸ್ಸಿನಲ್ಲಿ, ದಡದ ಮೇಲೆ ಕೈಯೂರಿ ಹತ್ತಿ ಓಡಿದರು.

ನಾನು ಮಡುವಿನ ಬಾಯಿಗೆ ಬಿದ್ದೆ. ಕಲ್ಲು, ಮರಳು, ಜೇಡಿ, ಲಕ್ಕಿ ಸೊಪ್ಪು, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಜಿನುಗುತ್ತಿತ್ತು. ಮೊಣಕೈವರೆಗೆ ಚರ್ಮ ಉರಿಯತೊಡಗಿತು. ಮನಸ್ಸು ಮಾತ್ರ ಕೇರಿಯಲ್ಲಿತ್ತು. ಅವಳು ಎದ್ದಿರುತ್ತಾಳೆ, ಒಲೆ ಹಚ್ಚಿರುತ್ತಾಳೆ, ಚಹಾಕ್ಕೆ ನೀರು... ಅಷ್ಟಕ್ಕೇ ನಿಲ್ಲಿಸಿ ಮತ್ತೆ ಕಲ್ಲು ಎತ್ತುತ್ತಿದ್ದೆ. ಕೊನೆಗೆ ಎಳೆ ನಿಂತಿತು. ಆಚೆಯ ಕಲ್ಲುಗಳಲ್ಲಿ ತೇವವಷ್ಟೇ ಉಳಿಯಿತು. ನಾನು ಹಳ್ಳ ಹಿಡಿದು ಓಡಿದೆ.

ದೂರದಿಂದಲೇ ಗದ್ದಲ ಕೇಳಿಸಿತು. ಬಂದು ನೋಡಿದರೆ ವರತೆಯ ಸುತ್ತ ಕೇರಿಗೆ ಕೇರಿಯೇ ನೆರೆದಿತ್ತು. ಮಣ್ಣಿನ ಕೊಡಗಳು ಒಡೆದು ಬಿದ್ದಿದ್ದವು. ಒಂದು ಹಿತ್ತಾಳೆಯ ಕೊಡ ಉರುಳಿಕೊಂಡು ಹೋಗಿ ಕಲ್ಲಿಗೆ ಆತುಕೊಂಡಿತ್ತು. ಗಾರ್ಡ್ ಸಾಹೇಬರು ವರತೆಯೊಳಗೇ ಇಳಿದು, ಕಾಲಗಲಿಸಿ, ಯಾರೂ ಚಿಪ್ಪು ಹಾಕದಂತೆ ಅಡ್ಡ ನಿಂತಿದ್ದರು. ಹಣೆ ಒಡೆದಿತ್ತು. ನನ್ನ ಅತ್ತೆಯ ಕೈಯಲ್ಲಿ ಇನ್ನೊಂದು ಕಲ್ಲಿತ್ತು.

ಆಮೇಲೆ ತಿಳಿಯಿತು, ಅವರು ಸೈಕಲ್ಲಿನಿಂದ ಹಾರಿದವರೇ ಏದುಸಿರಿನಲ್ಲಿ ಏನೋ ಕೂಗಿದ್ದರು. ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಹೆಂಗಸರು ತುಂಬಿದ ಕೊಡ ತಲೆಗೇರಿಸುತ್ತಿದ್ದರು. ಅವರು ಸಾಲಾಗಿ ಕೊಡಗಳನ್ನು ಒದ್ದು ಉರುಳಿಸಿದ್ದರು. ಊರ ದೊಡ್ಡ ಮನೆಯವನೊಬ್ಬ ಕೇರಿಯ ನೀರಿಗೆ ಬಂದು ಕೊಡ ಒದ್ದರೆ, ಕೇರಿಯವರು ಅದನ್ನು ಬೇರೆ ಹೇಗೆ ತಿಳಿಯಬೇಕಿತ್ತು? ಎಷ್ಟೋ ಕಾಲದ ಸಿಟ್ಟು ಒಂದೇ ಸಲಕ್ಕೆ ಕಲ್ಲು ಎತ್ತಿಕೊಂಡಿತ್ತು. ಅವರು ಎಣ್ಣೆ, ಎಣ್ಣೆ ಎಂದದ್ದನ್ನು ಯಾರೂ ನಂಬಲಿಲ್ಲ.

ನನ್ನನ್ನು ಕಂಡೊಡನೆ ಗಾರ್ಡ್ ಸಾಹೇಬರು, "ನೀ ಹೇಳು ಇವರಿಗೆ," ಎಂದರು.

ಹೇಳಿದೆ. ನನ್ನ ಕೈ ಮೂಸಿ ನೋಡಿರಿ ಎಂದು ಅತ್ತೆಯ ಮುಂದೆ ಹಿಡಿದೆ. ಅವಳು ಮೂಸಿದಳು. ಕಲ್ಲು ಕೈಯಿಂದ ಜಾರಿ ಮರಳಿಗೆ ಬಿತ್ತು. ಆಗಲೇ ಆಚೆ ದಂಡೆಯಲ್ಲಿ ಯಾರದೋ ಆಡು ಮುಗ್ಗರಿಸಿ ಬಿದ್ದು ಕಾಲು ಬಡಿಯತೊಡಗಿತು. ಬಾಯಲ್ಲಿ ನೊರೆ. ಹೆಂಗಸರು ಚಿಪ್ಪುಗಳನ್ನು ಕೆಳಗೆ ಬಿಟ್ಟರು. ಅತ್ತೆ ಮಾತ್ರ ನನ್ನ ಕಡೆ ತಿರುಗಿ, ದನಿಯೇ ಇಲ್ಲದ ದನಿಯಲ್ಲಿ, ಒಂದು ಕೊಡ ಮನಿಗೆ ಹೋಗೇತಿ ಎಂದಳು. ಮೊದಲ ಕೊಡ. ತಾನೇ ಇಳಿಸಿ ಬಂದದ್ದು.

ಕೇರಿಯ ಆ ಸಂದಿಯಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಎಂದೂ ನಡೆದಿಲ್ಲ. ಬಾಗಿಲಿಗೆ ಬಂದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ಅಲ್ಯೂಮಿನಿಯಂ ಚಂಬು, ಮುಖದ ಹತ್ತಿರ. ಎತ್ತುತ್ತಿದ್ದಳೋ ಇಳಿಸುತ್ತಿದ್ದಳೋ ತಿಳಿಯಲಿಲ್ಲ. ಚಂಬನ್ನು ಬಡಿದು ಬೀಳಿಸಿದೆ. ಒಲೆ ಚುರ್ರೆಂದಿತು. ಕುಡಿದೆಯಾ ಎಂದು ಹೆಗಲು ಹಿಡಿದು ಅಲುಗಿಸಿದೆ. ಅವಳು ಹೆದರಿ ಗೋಡೆಗೆ ಸರಿದಳು. ಆ ಒಂದು ಚೂರು ಹೊತ್ತು...

"ಇಲ್ಲ," ಎಂದಳು ಕೊನೆಗೆ. "ಹತ್ತಿ ಹೊಲದ ವಾಸ್ನಿ ಬಂತು. ಮೂಸಿ ನೋಡಾಕತ್ತಿದ್ದೆ."

ನಾನು ಒಲೆಯ ಪಕ್ಕದ ಕೊಡ ಎತ್ತಿ ಹಿತ್ತಲ ಮಣ್ಣಿಗೆ ಚೆಲ್ಲಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಮರಳಿ ವರತೆಗೆ ಬಂದಾಗ ಬಿಸಿಲು ಏರಿತ್ತು, ಇಡೀ ಕೇರಿಯಲ್ಲಿ ಒಂದು ಹನಿ ನೀರಿರಲಿಲ್ಲ. ಮಕ್ಕಳು ಅಳತೊಡಗಿದ್ದವು. ಗಾರ್ಡ್ ಸಾಹೇಬರ ನೀರಿನ ಚೀಲ ಸೈಕಲ್ಲಿನಿಂದ ಹಾರುವಾಗ ಬಿದ್ದು ಬರಿದಾಗಿತ್ತು, ನನ್ನ ಬುರುಡೆ ಮಡುವಿನ ದಂಡೆಯಲ್ಲೇ ಉಳಿದಿತ್ತು. ಅವರು ವರತೆಯನ್ನು ಮರಳಿನಿಂದ ಮುಚ್ಚಿ ಮೇಲೆ ಬಂದು, ಹಣೆಯ ರಕ್ತ ಒರೆಸಿಕೊಳ್ಳುತ್ತ ಅತ್ತೆಯನ್ನು ಒಂದಿಷ್ಟು ನೀರು ಕೇಳಿದರು. ತೊಳೆದುಕೊಳ್ಳಲೋ, ಕುಡಿಯಲೋ.

"ನೀರಿಲ್ಲರಿ," ಎಂದಳು ಅತ್ತೆ. "ಇದ್ದದ್ದನ್ನ ನೀವಽ ಚೆಲ್ಲೀರಿ."

ಅವಳು ಕುಹಕಕ್ಕೆ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಬಗ್ಗಿ ಒಡೆದ ಕೊಡದ ಒಂದು ಚೂರು ಎತ್ತಿ ನೋಡಿದರು. ಆ ಹೊತ್ತಿನಲ್ಲಿ ಅವರೊಳಗೆ ಏನು ನಡೆಯಿತೋ ನಾನು ಇವತ್ತಿಗೂ ಬಲ್ಲೆನೆಂದು ಹೇಳಲಾರೆ. ಆಮೇಲೆ, ಉಳಿದ ಕೊಡ ತೊಗೋರಿ, ನಮ್ಮ ಹೊಲದ ಬಾವಿಗೆ ಬರ್ರಿ ಎಂದರು.

ಯಾರೂ ಕದಲಲಿಲ್ಲ. ಬಾವಿಗೆ ಹೋಗುವುದು ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಇವತ್ತು ನೀರು ಸಿಕ್ಕೀತು, ನಾಳೆ ಕೂಲಿ ತಪ್ಪೀತು, ನಾಡಿದ್ದು ಗುಡಿಸಲಿಗೆ ಬೆಂಕಿ ಬಿದ್ದೀತು. ಮೊದಲು ಬಗ್ಗಿ ಕೊಡ ಎತ್ತಿದವಳು ಅತ್ತೆ. ಅವಳ ಹಿಂದೆ ಒಬ್ಬೊಬ್ಬರಾಗಿ ನಡೆದರು. ನಾನೂ ಹಿತ್ತಾಳೆಯ ಕೊಡ ಎತ್ತಿಕೊಂಡೆ.

ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಬಾವಿಯ ಕಟ್ಟೆಗೆ ಗಾರ್ಡ್ ಸಾಹೇಬರ ಅಣ್ಣ ನಿಂತಿದ್ದ, ಹಿಂದೆ ಆಳುಗಳು. ಎತ್ತರದ ಆಸಾಮಿ, ದನಿ ಏರಿಸುವ ರೂಢಿ ಇರಲಿಲ್ಲ, ಏರಿಸುವ ಅಗತ್ಯವೂ ಬಿದ್ದಿರಲಿಲ್ಲ. ಹೆಂಗಸರು ಹೊಲದ ಬದುವಿನಲ್ಲೇ ನಿಂತರು. ಇನ್ನೂ ಪಾಲು ಆಗದ ಬಾವಿಗೆ ಇವರನ್ನು ಯಾರನ್ನು ಕೇಳಿ ಕರೆದುಕೊಂಡು ಬಂದೆ ಎಂದು ಅವನು ತಮ್ಮನನ್ನು ಕೇಳಿದ.

"ಅರ್ಧ ನಂದೈತಿ. ಅರ್ಧದಾಗ ಸೇದತಾರ."

"ನೀರಿನ್ಯಾಗ ಅರ್ಧ ಯಾವ್ದು ಅಂತ ಗೆರಿ ಹೊಡಿತೀಯೇನು?"

ಗಾರ್ಡ್ ಸಾಹೇಬರು ಬಟ್ಟೆ ಚೀಲಕ್ಕೆ ಕೈ ಹಾಕಿ ಆ ತಗಡಿನ ಡಬ್ಬಿ ತೆಗೆದು ಕಟ್ಟೆಯ ಮೇಲೆ ಇಟ್ಟರು. ಹಳದಿ ಸೀರೆಯ ಚೂರು ಗಾಳಿಗೆ ಅಲುಗಿತು.

"ಇದನ್ನ ಸವಣೂರ ಪ್ಯಾಟಿಯಿಂದ ನಿನಗ ತಂದ ಕೊಟ್ಟಾಂವ ನಾನು. ಮನ್ಯಾಗ ವೈನಿ ತನ್ನ ಸೀರಿ ಹರದು ಬಾಯಿ ಕಟ್ಟಿದ್ಲು. ಇವತ್ತ ಮಡುವಿನ ದಂಡಿಗೆ ಸಿಕ್ತು." ಡಬ್ಬಿಯನ್ನು ಅಣ್ಣನ ಕಡೆ ತಿರುಗಿಸಿದರು. "ನಿನ್ನ ಮಗ ಎಲ್ಲಿ ಅದಾನ?"

ಅಣ್ಣ ಡಬ್ಬಿ ನೋಡಿದ. ಬದುವಿನ ಮೇಲಿನ ಹೆಂಗಸರನ್ನು ನೋಡಿದ. ಆಳುಗಳು ಕಣ್ಣು ತಪ್ಪಿಸಿದರು. ಅವನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಆ ಆಳುಗಳ ಕೈಯಲ್ಲಿ ಗುದ್ದಲಿಗಳಿದ್ದವು. ಅವನು ಸನ್ನೆ ಮಾಡಲಿಲ್ಲ. ರಾಟೆಯ ಹತ್ತಿರದಿಂದ ಸರಿದು ನಿಂತ. ಯಾರ ಮುಖವನ್ನೂ ನೋಡದೆ, ಸೇದಿಕೊಳ್ರಿ ಎಂದ.

ಆಗಲೂ ಹಗ್ಗ ಮುಟ್ಟಲು ಕೈಗಳು ಹಿಂಜರಿದವು. ಅತ್ತೆ ಕಟ್ಟೆ ಹತ್ತಿದಳು. ಹಗ್ಗ ಹಿಡಿದಳು. ರಾಟೆ ಕಿರ್ರೆಂದಿತು.

ಕೊಡಗಳು ತುಂಬುತ್ತಿದ್ದಾಗ ಅಣ್ಣ ತಮ್ಮನ ಹತ್ತಿರ ಬಂದ. ನಾನು ಪಕ್ಕದಲ್ಲೇ ಇದ್ದೆ, ನನ್ನನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೀರು ಕೊಟ್ಟೇನಿ, ಇನ್ನ ಆ ಡಬ್ಬಿ ಇಲ್ಲೇ ಬಿಡು ಎಂದ.

"ನೀರು ಬ್ಯಾರೆ. ಇದು ಬ್ಯಾರೆ," ಎಂದರು ಗಾರ್ಡ್ ಸಾಹೇಬರು.

ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನನ್ನು ಕರೆದರು. ಮಧ್ಯಾಹ್ನದ ಬಸ್ಸಿಗೆ ಹಾನಗಲ್ಲಿಗೆ ಹೊರಟೆವು. ಬಸ್ಸು ಪೂರ್ತಿ ತುಂಬಿತ್ತು, ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಅವರ ಹಣೆಯ ರಕ್ತ ಒಣಗಿ ಕಪ್ಪಾಗಿತ್ತು. ಅರ್ಧ ದಾರಿ ಕಳೆದ ಮೇಲೆ, ಕಿಟಕಿಯ ಆಚೆ ನೋಡುತ್ತಲೇ ಮಾತಾಡಿದರು.

"ಅವಗ ಈಜು ಕಲಿಸಿದಾಂವ ನಾನು. ಅದಽ ಮಡುವಿನ್ಯಾಗ."

ಅಷ್ಟೇ. ಠಾಣೆಯಲ್ಲಿ ಅಣ್ಣನ ಮಗನ ಹೆಸರು ಹೇಳುವಾಗ ಅವರ ದನಿ ನಡುಗಲಿಲ್ಲ. ನಾನು ಕಂಡದ್ದನ್ನು ನಾನು ಹೇಳಿದೆ.

ಆ ಸಂಜೆಯೇ ಅಣ್ಣನ ಮನೆಯ ಬಾಗಿಲು ಅವರಿಗೆ ಮುಚ್ಚಿತು. ಅವರ ಹಾಸಿಗೆ, ಟ್ರಂಕು ಜಗಲಿಗೆ ಬಂದಿದ್ದವು. ಕಾಡಿನಂಚಿನ ಕಾವಲು ಕೋಣೆಗೆ ಹೋಗಿ ಇದ್ದರು. ಐವತ್ತು ದಾಟಿದ ಮನುಷ್ಯ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯಲು ಕಲಿತರು. ಊರಿನವರು ಕಂಡರೆ ದಾರಿ ಬದಲಿಸುತ್ತಿದ್ದರು. ಮಾರನೆಯ ಬೆಳಗ್ಗೆ ನಾನು ಹೋದಾಗ ಎಂದಿನಂತೆ ಹುಣಸೆಮರದ ಕೆಳಗೆ ಕಾದಿದ್ದರು. ನೀರಿನ ಚೀಲ ಅವರ ಹೆಗಲಿಗೇ ಇತ್ತು, ಬುರುಡೆ ನನ್ನ ಹೆಗಲಿಗೆ. ಒಂದು ದಿನಕ್ಕೆ ಮನುಷ್ಯ ಪೂರ್ತಿ ಬೇರೆಯಾಗುವುದಿಲ್ಲ. ಆದರೆ ಅಂದಿನಿಂದ ನಾನು ಹಿಂದೆ ಬಿದ್ದರೆ ನಿಲ್ಲುತ್ತಿದ್ದರು; ಹೆಂಡತಿ ಹೇಗಿದ್ದಾಳೆ ಎಂದು ದಿನಾ ಕೇಳುತ್ತಿದ್ದರು. ವಿಷ ಹೊಟ್ಟೆಯ ಕೂಸಿಗೆ ತಾಕಿತೋ ಎಂಬ ಹೆದರಿಕೆಗೆ, ಹೆರಿಗೆಯಾಗುವವರೆಗೂ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಮಳೆ ಹಿಡಿದ ಮೇಲೆ ಮಗಳು ಹುಟ್ಟಿದಳು, ಚೆನ್ನಾಗಿದ್ದಳು. ಸುದ್ದಿ ಹೇಳಲು ಹೋದರೆ ಕೋಣೆಗೆ ಬೀಗ. ಅವರನ್ನು ಹಿರೇಕೆರೂರು ಕಡೆಗೆ ವರ್ಗ ಮಾಡಿದ್ದರು.

ಕೇಸು ಗಟ್ಟಿಯಾಗಿ ನಿಲ್ಲಲಿಲ್ಲ. ಹುಡುಗ ಕೆಲವು ವಾರಗಳಲ್ಲಿ ಹೊರಗೆ ಬಂದ, ಆಮೇಲೆ ಅದು ಎಲ್ಲೋ ಸೊರಗಿಹೋಯಿತು. ಅಣ್ಣ ಆ ಬೇಸಿಗೆ ಬಾವಿಗೆ ಅಡ್ಡ ಬರಲಿಲ್ಲ. ಮಳೆ ಬಿದ್ದ ಮೇಲೆ ಸುತ್ತ ಮುಳ್ಳು ಹಾಕಿಸಿದ. ಆದರೆ ಒಮ್ಮೆ ಆ ಹಗ್ಗ ಹಿಡಿದ ಹೆಂಗಸರು ಸುಮ್ಮನಿರಲಿಲ್ಲ. ಅತ್ತೆಯನ್ನು ಮುಂದೆ ಮಾಡಿಕೊಂಡು ಖಾಲಿ ಕೊಡಗಳೊಂದಿಗೆ ಹಾನಗಲ್ಲಿನ ತಾಲೂಕು ಕಚೇರಿ ಮುಂದೆ ಹೋಗಿ ಕೂತರು. ಮುಂದಿನ ಬೇಸಿಗೆಗೆ ಕೇರಿಯಲ್ಲಿ ಕೈಪಂಪು ಬಂತು.

ಮಗಳಿಗೆ ಎರಡು ವರ್ಷವಾದಾಗ ಅವಳನ್ನೆತ್ತಿಕೊಂಡು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಹೋಗಿದ್ದೆ. ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಬಾ ತಮ್ಮಾ ಎಂದರು. ಹಣೆಯ ಗಾಯ ಬೆಳ್ಳಗೆ ಕಲೆಯಾಗಿತ್ತು. ಅಣ್ಣನ ಬಗ್ಗೆ ಕೇಳಲಿಲ್ಲ, ಊರಿನ ಬಗ್ಗೆ ಕೇಳಲಿಲ್ಲ. ಮಡುವಿಗೆ ಮತ್ತೆ ಮೀನು ಬಂದಿವೆಯೇ ಎಂದಷ್ಟೇ ಕೇಳಿದರು. ಸಣ್ಣವು ಕಾಣುತ್ತಿವೆ ಎಂದೆ. ಮಗಳು ಅವರ ಮೀಸೆ ಹಿಡಿದು ಎಳೆದಳು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಹಾ ಮಾಡಿಕೊಟ್ಟರು. ಯಾವ ಕಪ್ಪಿನಲ್ಲಿ ಕೊಡುತ್ತಾರೆಂದು ನೋಡುವುದು ನಮ್ಮಂಥವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವತ್ತು ನೋಡಿರಲಿಲ್ಲವೆಂದು ನನಗೆ ನೆನಪಾದದ್ದು ಮರಳುವ ಬಸ್ಸಿನಲ್ಲಿ.

ಆಮೇಲೆ ಹೋಗಲಾಗಲಿಲ್ಲ. ನನಗೆ ಶಿಗ್ಗಾಂವಿ ಕಡೆ ಕಾವಲಿನ ಕೆಲಸ ಕಾಯಂ ಆಯಿತು. ಅಲ್ಲೂ ಹಳ್ಳ, ಅಲ್ಲೂ ಕುರುಚಲು ಗುಡ್ಡ. ಮಗಳು ಈಗ ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ.

ಹೋದ ತಿಂಗಳು ಆ ಗೊಬ್ಬರದ ಅಂಗಡಿಯ ಎದುರಿನ ಕಟ್ಟೆಯಿಂದ ಎದ್ದವನು ಮನೆಗೆ ಹೋಗಲಿಲ್ಲ. ಸಿಕ್ಕ ಬಸ್ಸು ಹಿಡಿದು, ನಡುವೆ ಬದಲಿಸಿ, ಚಿಕ್ಕೇರೂರಿಗೆ ಇಳಿದೆ. ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಮನೆಯ ಒಡತಿ ವಯಸ್ಸಾದಾಕೆ. ಬರ್ರಿ, ಕುಂಡ್ರಿ ಎಂದು ಕಂಬಳಿ ಹಾಸಿ ಹೇಳಿದಳು. ಹೋದ ವರ್ಷ, ಚಳಿಗಾಲದಲ್ಲಿ, ಎದೆನೋವು ಬಂದು ತೀರಿಕೊಂಡರಂತೆ. ಪಿಂಚಣಿಯಾದ ಮೇಲೂ ಬೆಳಗ್ಗೆ ಎದ್ದು ಹಳ್ಳದ ಕಡೆ ನಡೆದು ಬರುತ್ತಿದ್ದರಂತೆ. ತಮ್ಮವರು ಯಾರೂ ಇಲ್ಲ ಎನ್ನುತ್ತಿದ್ದರಂತೆ. ಆದರೆ ಸತ್ತ ದಿನ, ಹೇಗೆ ತಿಳಿಯಿತೋ, ಅಣ್ಣನ ಮಗ ಎಂದು ಹೇಳಿಕೊಂಡು ಒಬ್ಬಾತ ಬಂದಿದ್ದ. ಮಣ್ಣು ಮಾಡುವವರೆಗೆ ನಿಂತಿದ್ದ. ಊಟಕ್ಕೆ ಕರೆದರೆ ಏಳಲಿಲ್ಲ. ಎಲ್ಲರೂ ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದನಂತೆ.

ನಾನು ಕೇಳುತ್ತ ಕೂತೆ. ಹೇಳಬೇಕೆಂದು ಬಂದದ್ದು ಏನಿತ್ತೋ... ಕೇಳಬೇಕಾದವರು ಇರಲಿಲ್ಲ. ಎದ್ದು ಹೊರಟಾಗ ಆಕೆ ಬಾಗಿಲವರೆಗೆ ಬಂದಳು.

"ಅವರು ನಿಮಗ ಏನಾಗಬೇಕ್ರಿ?"

ಆ ನಂಟಿಗೆ ಹೆಸರು ಹುಡುಕಿದೆ, ಸಿಗಲಿಲ್ಲ. ಒಂದು ಬೇಸಿಗೆ ಕೂಡಿ ಕೆಲಸ ಮಾಡಿದ್ದೆವು ಎಂದೆ.

"ಒಂದಽ ಬ್ಯಾಸಗಿ?" ಎಂದಳು, ನನ್ನ ಕಣ್ಣು ನೋಡುತ್ತ.

ಹೌದ್ರಿ ಎಂದೆ. ಬಸ್ಸಿಗೆ ಹೋಗದೆ, ಅವರು ದಿನಾ ನಡೆಯುತ್ತಿದ್ದ ಹಳ್ಳದ ಕಡೆ ನಡೆದೆ.